ಮಂಡಿ ಮಟ್ಟದ ಕಡಲು

ಹೋದ ಭಾನುವಾರ ನನ್ನ ಚಿಕ್ಕಮ್ಮ ಫೋನ್ ಮಾಡಿ, ಕಾಶಿಗೆ ಹೊರಟಿದ್ದೇವೆ, ನಿಮ್ಮ ದೊಡ್ಡ ಸೂಟ್‌ಕೇಸ್ ಬೇಕಾಗಿತ್ತು ಎಂದರು. ಅವರಿರುವುದು ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರದಲ್ಲಿ. ಸಂಜೆ ಬಂದು ಒಯ್ಯುತ್ತಾರೆಂದು ಸೂಟ್‌ಕೇಸನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಜಿಪ್ ಎಳೆದೆ. ಬಿಸಿಲಿಗೆ ಹಚ್ಚಿಕೊಳ್ಳುವ ಕ್ರೀಮಿನ ವಾಸನೆ ಒಳಗಿಂದ ಎದ್ದು ಬಂತು. ಕೊಬ್ಬರಿ ಎಣ್ಣೆಯಲ್ಲಿ ಉಪ್ಪು ಕಲಸಿ ಬಿಸಿಲಲ್ಲಿಟ್ಟಂಥ ವಾಸನೆ. ಟ್ಯೂಬು ಯಾವತ್ತೋ ಸೋರಿ ಮೂಲೆಯ ಬಟ್ಟೆಗೆ ಅಂಟಿಕೊಂಡಿತ್ತು. ಒದ್ದೆ ಬಟ್ಟೆ ತರಲು ಏಳಬೇಕಾದವಳು ಹಾಗೇ ನೆಲದ ಮೇಲೆ ಕೂತುಬಿಟ್ಟೆ. ಎರಡು ವರ್ಷದ ಹಿಂದಿನ ಆ ಜೂನ್ ತಿಂಗಳು ಕಣ್ಣ ಮುಂದೆ ಬಂದು ನಿಂತಿತ್ತು.

ನನಗೆ ಪಿಯುಸಿಯಿಂದಲೂ ದಿನಚರಿ ಬರೆಯುವ ಅಭ್ಯಾಸ. ದಿನಕ್ಕೊಂದು ಪುಟ, ಮೇಲೆ ತಾರೀಕು, ಅದರ ಕೆಳಗೆ ಹವಾಮಾನ, ಆಮೇಲೆ ನಡೆದದ್ದು. ಪುಟದ ತಳದಲ್ಲಿ ಆ ದಿನ ಎಣಿಸಿದ್ದು ಏನಾದರೂ ಇದ್ದರೆ ಅದು. ಬಸ್ಸಿಗೆ ಕಾದ ನಿಮಿಷಗಳಿಂದ ಹಿಡಿದು ಮಗ್ಗುಲ ಮನೆಯ ನಾಯಿ ಬೊಗಳಿದ್ದರವರೆಗೆ ಎಲ್ಲವೂ ಅಲ್ಲಿವೆ. ಆ ವಾರದ ಪುಟಗಳ ತಳ ಮಾತ್ರ ಬರೀ ಮಾವಿನಹಣ್ಣು, ಮಳೆ, ಹೆಜ್ಜಾರ್ಲೆ ಹಕ್ಕಿಗಳಿಂದ ತುಂಬಿದೆ. ಗುರುವಾರದ ಪುಟದ ತಳದಲ್ಲಿ ಏನೂ ಇಲ್ಲ.

ನಾನು ಹೆಬ್ಬಾಳದಲ್ಲಿ ಒಂದು ಪ್ರವಾಸ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ವರ್ಷಕ್ಕೊಮ್ಮೆ ನಮ್ಮಲ್ಲಿ ಚೀಟಿ ಎತ್ತುತ್ತಾರೆ. ಯಾವ ರೆಸಾರ್ಟುಗಳೊಂದಿಗೆ ವ್ಯವಹಾರವಿದೆಯೋ ಅವು ತಮ್ಮ ಖಾಲಿ ದಿನಗಳಲ್ಲಿ ಒಂದೆರಡು ಕೋಣೆಗಳನ್ನು ನಮ್ಮ ಸಿಬ್ಬಂದಿಗೆ ಬಿಟ್ಟುಕೊಡುತ್ತವೆ. ಸಾಮಾನ್ಯವಾಗಿ ಚಿಕ್ಕಮಗಳೂರು, ಹೆಚ್ಚೆಂದರೆ ಶ್ರೀಲಂಕಾ. ಆ ವರ್ಷ ನನ್ನ ಹೆಸರಿಗೆ ಬಂದ ಚೀಟಿಯಲ್ಲಿ ಜಮೈಕಾ ಎಂದಿತ್ತು. ಕೆರಿಬಿಯನ್ ಸಮುದ್ರದ ದಂಡೆಯಲ್ಲಿ ಇಬ್ಬರಿಗೆ ಒಂದು ವಾರ, ಊಟ ತಿಂಡಿ ಪಾನೀಯ ದೋಣಿ ಎಲ್ಲವೂ ಅದರಲ್ಲೇ ಸೇರಿ. ಪಕ್ಕದ ಟೇಬಲ್ಲಿನ ಶರತ್ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ನೀನ್ ಜಮೈಕಾಗೆ ಹೋಗ್ಬಾ ಗುರು, ನಾವು ಮಾಕಳಿಗೆ ಹೋಗ್ತೀವಿ. ಅಲ್ಲೂ ಒಂದು ರೆಸಾರ್ಟ್ ಐತೆ, ಸ್ವಿಮ್ಮಿಂಗ್ ಪೂಲಲ್ಲಿ ನೀರೊಂದಿಲ್ಲ ಅಷ್ಟೇ" ಎಂದ.

ಮನೆಗೆ ಬಂದು ಹೇಳಿದಾಗ ನನ್ನ ಗಂಡ ಮಂಜು ಮೊದಲು ಕೇಳಿದ್ದು ಒಂದೇ ಮಾತು. "ಸಮುದ್ರದ ಪಕ್ಕಾನಾ?"

ಯಾಕೆ ಹಾಗೆ ಕೇಳಿದ ಎಂದು ನನಗೆ ಗೊತ್ತಿತ್ತು. ಮಂಜುಗೆ ಎಂಟು ವರ್ಷವಾಗಿದ್ದಾಗ ಅವನ ಅಣ್ಣ ಹರೀಶ ಬೇಸಿಗೆ ರಜೆಯ ಒಂದು ಮಧ್ಯಾಹ್ನ ಹುಡುಗರ ಜೊತೆ ಬಂಡೆ ಒಡೆದು ಬಿಟ್ಟಿದ್ದ ಹೊಂಡದಲ್ಲಿ ಈಜಲು ಹೋಗಿ ಮುಳುಗಿಹೋದ. ಆಗ ನಮ್ಮ ಮನೆಯಿರುವ ಅಟ್ಟೂರಿನ ಆಚೆಗೆಲ್ಲ ಅಂಥ ಹೊಂಡಗಳಿದ್ದವಂತೆ, ಈಗ ಅವುಗಳ ಮೇಲೆ ಅಪಾರ್ಟ್‌ಮೆಂಟುಗಳಿವೆ. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಅತ್ತೆ ಮಂಜುವನ್ನು ಎದುರು ಕೂರಿಸಿಕೊಂಡು, ಅವನ ಕೈಯನ್ನು ತಮ್ಮ ತಲೆಯ ಮೇಲೆ ಇಟ್ಟುಕೊಂಡು, ಇನ್ನು ಯಾವತ್ತೂ ನೀರಿಗೆ ಇಳಿಯುವುದಿಲ್ಲ ಎಂದು ಆಣೆ ಮಾಡಿಸಿದರು. ಎಂಟು ವರ್ಷದ ಹುಡುಗ ಅಳುತ್ತಲೇ, ಹಾಗಾದರೆ ದೇವಸ್ಥಾನಕ್ಕೆ ಹೋದಾಗ ನದಿಯಲ್ಲಿ ಕಾಲು ತೊಳೆಯುವುದು ಹೇಗೆ ಎಂದು ಕೇಳಿದನಂತೆ. ಅತ್ತೆ ಒಂದು ಗಳಿಗೆ ಯೋಚಿಸಿ, ಮಂಡಿಯವರೆಗೆ ಪರವಾಗಿಲ್ಲ, ಅದರ ಮೇಲೆ ಬೇಡ ಎಂದರಂತೆ.

ಅಂದಿನಿಂದ ಮಂಜುವಿನ ಪ್ರಪಂಚದಲ್ಲಿ ನೀರು ಮಂಡಿಗೆ ನಿಲ್ಲುತ್ತದೆ. ಅವನು ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಬೇರಿಂಗುಗಳ ಗುಣಮಟ್ಟ ಪರೀಕ್ಷಿಸುವ ಎಂಜಿನಿಯರ್. ದೇವರ ವಿಷಯದಲ್ಲಿ ಅಷ್ಟಕ್ಕಷ್ಟೆ, ರಾಹುಕಾಲ ನೋಡುವವನಲ್ಲ. ಆದರೆ ತಾಯಿಯ ತಲೆ ಮುಟ್ಟಿ ಮಾಡಿದ ಆಣೆ ತಪ್ಪಿದರೆ ಪೆಟ್ಟು ಬೀಳುವುದು ತಾಯಿಗೆ ಎಂಬುದು ಎಂಟನೆಯ ವಯಸ್ಸಿನಲ್ಲಿ ಅವನೊಳಗೆ ಇಳಿದದ್ದು, ಮತ್ತೆ ಮೇಲೆ ಬಂದಿರಲಿಲ್ಲ. ಮದುವೆಯಾದ ಹೊಸದರಲ್ಲಿ ಶ್ರೀರಂಗಪಟ್ಟಣಕ್ಕೆ ಹೋದಾಗ ಎಲ್ಲರೂ ಕಾವೇರಿಯಲ್ಲಿ ಮುಳುಗೇಳುತ್ತಿದ್ದರೆ ಇವನು ಪ್ಯಾಂಟು ಮಡಿಸಿಕೊಂಡು ಮೂರನೆಯ ಮೆಟ್ಟಿಲಲ್ಲಿ ನಿಂತಿದ್ದ. ಅತ್ತೆ ನೀರಿಗೆ ಬೆನ್ನು ಹಾಕಿ ಬಟ್ಟೆ ಬದಲಾಯಿಸುವ ಕೋಣೆಯ ಗೋಡೆ ನೋಡುತ್ತಾ ಕೂತಿದ್ದರು. ಯಲಹಂಕ ಕೆರೆಯ ಪಕ್ಕ ಬಸ್ಸು ಹೋಗುವಾಗಲೂ ಅವರು ಮುಖವನ್ನು ಆಚೆ ಕಡೆಯ ಕಿಟಕಿಗೆ ತಿರುಗಿಸುತ್ತಾರೆ.

ಹೋಗುವುದು ಬೇಡ ಎಂದೇ ನಾನು ಅಂದುಕೊಂಡಿದ್ದೆ. ಹೋಗಿ ಬನ್ನಿ ಎಂದವರು ಅತ್ತೆಯೇ. ಮಾವ ಇದ್ದಿದ್ದರೆ ಅವರೂ ಹಾಗೇ ಹೇಳುತ್ತಿದ್ದರು, ಚೀಟಿಯಲ್ಲಿ ಬಂದ ಭಾಗ್ಯವನ್ನು ಯಾರಾದರೂ ಬಿಡುತ್ತಾರಾ ಎಂದರು. ಹೊರಡುವ ಬೆಳಿಗ್ಗೆ ಮಂಜು ಕಾಲಿಗೆ ಬಿದ್ದು ಎದ್ದಾಗ ಅತ್ತೆ ತಲೆಯ ಮೇಲೆ ಕೈಯಿಡಲಿಲ್ಲ. ಬಗ್ಗಿ ಅವನ ಮಂಡಿಯನ್ನು ಎರಡು ಸಲ ಮೆಲ್ಲಗೆ ತಟ್ಟಿದರು.

ಎರಡು ಕಡೆ ವಿಮಾನ ಬದಲಿಸಿ, ಯಾವ ವಾರ ಎಂಬುದೇ ಮರೆತುಹೋಗುವಷ್ಟು ಹೊತ್ತು ಕೂತು, ಭಾನುವಾರ ಮಧ್ಯಾಹ್ನ ಇಳಿದೆವು. ರೆಸಾರ್ಟಿನ ವ್ಯಾನು ಕರಾವಳಿಯ ರಸ್ತೆಯಲ್ಲಿ ಒಂದು ತಿರುವು ದಾಟಿದ ಮೇಲೆ ಸಮುದ್ರ ಕಂಡಿತು. ನಾನು ಮಂಗಳೂರಿನ ಸಮುದ್ರ ನೋಡಿದ್ದೇನೆ, ಚೆನ್ನೈನದೂ ನೋಡಿದ್ದೇನೆ. ಇದು ಆ ಜಾತಿಯದ್ದೇ ಎಂದು ನಂಬಲು ಆಗಲಿಲ್ಲ. ದಡದಲ್ಲಿ ಎಳನೀರಿನಷ್ಟು ತಿಳಿ, ಸ್ವಲ್ಪ ಆಚೆಗೆ ಗಿಳಿಯ ರೆಕ್ಕೆಯ ಹಸಿರು, ಅದರಾಚೆ ನವಿಲಿನ ಕತ್ತಿನ ನೀಲಿ, ಕೊನೆಯಲ್ಲಿ ಶಾಯಿ ಚೆಲ್ಲಿದಂತೆ ಒಂದು ಗೆರೆ. ಒಂದೇ ನೀರು ಇಷ್ಟು ಬಣ್ಣಗಳನ್ನು ಒಂದಕ್ಕೊಂದು ಕಲೆಯದ ಹಾಗೆ ಹೇಗೆ ಇಟ್ಟುಕೊಂಡಿದೆ ಎಂದು ಬಾಯಿ ಬಿಟ್ಟು ನೋಡಿದೆ. ಮಂಜು ಕಿಟಕಿಯ ಗಾಜಿಗೆ ಹಣೆ ಒತ್ತಿ ಕೂತಿದ್ದ. ಮುಂದಿನ ತಿರುವಿನಲ್ಲಿ ಸಮುದ್ರ ಮರಗಳ ಹಿಂದೆ ಹೋದಾಗ ಅವನು ತಿರುಗಿ ಹಿಂದಿನ ಗಾಜಿನಲ್ಲಿ ಹುಡುಕಿದ.

ಒಳಗೆ ಹೋದ ಕೂಡಲೇ ಆಸ್ಪತ್ರೆಯಲ್ಲಿ ದಾಖಲಾದವರಿಗೆ ಕಟ್ಟುವಂಥ ಹಸಿರು ಪಟ್ಟಿಯೊಂದನ್ನು ನಮ್ಮ ಮಣಿಕಟ್ಟಿಗೆ ಅಂಟಿಸಿದರು. ಇನ್ನು ಏನನ್ನು ಬೇಕಾದರೂ ತಿನ್ನಬಹುದು, ಕುಡಿಯಬಹುದು, ಯಾರೂ ಬಿಲ್ಲು ಕೊಡುವುದಿಲ್ಲ. ನಮಗೆ ಅದು ನಂಬಿಕೆಯಾಗಲು ಎರಡು ದಿನ ಹಿಡಿಯಿತು. ಮೊದಲ ರಾತ್ರಿ ಮಂಜು ಪ್ರತಿ ಪಾತ್ರೆಯ ಮುಂದೆಯೂ ನಿಂತು, ಇದು ಸೇರಿದೆಯಾ ಎಂದು ಕೇಳುತ್ತಿದ್ದ. ಬಡಿಸುವ ಹೆಂಗಸು ಕೊನೆಗೆ ನಗುತ್ತಾ, ನನ್ನೊಬ್ಬಳನ್ನು ಬಿಟ್ಟು ಎಲ್ಲವೂ ಸೇರಿದೆ ಎಂದಳು. ಸಸ್ಯಾಹಾರಿಗಳಿಗೆ ಏನು ಸಿಕ್ಕೀತು ಎಂದು ನಾನು ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಂಡು ಹೋಗಿದ್ದೆ. ಅಲ್ಲಿ ನೋಡಿದರೆ ದಂಟಿನ ಸೊಪ್ಪಿನ ಪಲ್ಯ ಇತ್ತು. ಹೆಸರು ಕಲಾಲು ಎಂದು ಬೇರೆ, ರುಚಿ ಮಾತ್ರ ಅಟ್ಟೂರಿನ ನಮ್ಮ ಅಡುಗೆಮನೆಯದು. ತೆಂಗಿನ ಹಾಲಿನಲ್ಲಿ ಬೇಯಿಸಿದ ರಾಜ್ಮಾ ಅನ್ನ ಇತ್ತು, ದೀವಿ ಹಲಸನ್ನು ಕೆಂಡದಲ್ಲಿ ಸುಟ್ಟು ಕೊಡುತ್ತಿದ್ದರು. ಮಾವಿನಹಣ್ಣಿನ ರಾಶಿಯಲ್ಲಿ ಒಂದು ತಳಿಗೆ ಅವರ ಊರಿನಲ್ಲಿ ಈಸ್ಟ್ ಇಂಡಿಯನ್ ಎಂದೇ ಹೆಸರು. ಯಾವ ಕಾಲದಲ್ಲಿ ಯಾವ ಹಡಗಿನಲ್ಲಿ ಯಾರ ಸೆರಗಿನಲ್ಲಿ ಅದರ ಓಟೆ ಇಷ್ಟು ದೂರ ಬಂತೋ ಎಂದು ಯೋಚಿಸುತ್ತಾ ನಾನು ಒಬ್ಬಳೇ ಮೂರು ಹಣ್ಣು ತಿಂದೆ.

ಸೋಮವಾರ ಬೆಳಿಗ್ಗೆ ನಾವು ದಡಕ್ಕೆ ಹೋದೆವು. ಮಂಜು ಚಡ್ಡಿ ಹಾಕಿಕೊಂಡು ನಿಧಾನವಾಗಿ ನೀರಿಗೆ ನಡೆದ. ಪಾದ, ಕಣಕಾಲು, ಮೀನಖಂಡ. ಮಂಡಿಚಿಪ್ಪಿನ ಕೆಳಗೆ ಬೆರಳೆರಡು ಅಗಲ ಉಳಿದಾಗ ನಿಂತ. ಕಾರ್ಖಾನೆಯಲ್ಲಿ ಬೇರಿಂಗನ್ನು ಅಳತೆಗೋಲಿಗೆ ಇಟ್ಟು ನೋಡುವವನ ಹಾಗೆ ಬಗ್ಗಿ ಎರಡೂ ಕಾಲು ನೋಡಿಕೊಂಡ. ಸಣ್ಣ ಅಲೆ ಬಂದರೆ ಒಂದು ಹೆಜ್ಜೆ ಹಿಂದೆ, ಅಲೆ ಹೋದರೆ ಒಂದು ಹೆಜ್ಜೆ ಮುಂದೆ. ಹೀಗೆ ಅವನು ಬೆಳಗಿನ ತಿಂಡಿಯ ಹೊತ್ತಿನವರೆಗೆ ಸಮುದ್ರದ ಜೊತೆ ಹಿಂದೆ ಮುಂದೆ ಆಡುತ್ತಾ ನಿಂತಿದ್ದ. ನಾನು ಜೀವರಕ್ಷಕ ಕವಚ ಕಟ್ಟಿಕೊಂಡು ಕುತ್ತಿಗೆಯವರೆಗೆ ಹೋಗಿ ತೇಲಿದೆ. ನೀರು ಬೆಚ್ಚಗಿತ್ತು. ಕೆಳಗೆ ನನ್ನ ಕಾಲ್ಬೆರಳ ಉಗುರಿನ ಬಣ್ಣ ಕಾಣುತ್ತಿತ್ತು, ಅದರ ಪಕ್ಕದಲ್ಲಿ ಹಳದಿ ಪಟ್ಟೆಯ ಮೀನುಗಳು ನನ್ನನ್ನು ಲೆಕ್ಕಕ್ಕೇ ಇಡದೆ ಹೋಗುತ್ತಿದ್ದವು. ತಿರುಗಿ ನೋಡಿದರೆ ಅಷ್ಟು ದೊಡ್ಡ ಸಮುದ್ರದ ಅಂಚಿನಲ್ಲಿ ಅವನೊಬ್ಬನೇ, ಕೊಕ್ಕರೆಯಂತೆ.

ದಡದ ಕಾವಲಿಗೆ ಡೆಲ್‌ರಾಯ್ ಎಂಬ ಐವತ್ತು ದಾಟಿದ, ಭಾರೀ ಮೈಕಟ್ಟಿನ ಜೀವರಕ್ಷಕನಿದ್ದ. ಬೆಳಗಾಗುವ ಮೊದಲೇ ಬಂದು, ರಾತ್ರಿ ದಡಕ್ಕೆ ಬಿದ್ದ ಕಂದು ಕಡಲಕಳೆಯನ್ನು ಇತರರ ಜೊತೆ ಸೇರಿ ಗೋರಿ ರಾಶಿ ಹಾಕುತ್ತಿದ್ದ. ಮಂಗಳವಾರ ಅವನು ನನ್ನ ಬಳಿ ಬಂದು, ನಿಮ್ಮವರ ಕಾಲಿಗೆ ಏನಾದರೂ ಗಾಯವಾಗಿದೆಯಾ, ಮೇಲೆ ಪಟ್ಟಿ ಕಟ್ಟಿದ್ದಾರಾ ಎಂದು ಗುಟ್ಟಾಗಿ ಕೇಳಿದ. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ನಕ್ಕಾನು ಎಂದುಕೊಂಡಿದ್ದೆ. ಅವನು ಟೋಪಿ ತೆಗೆದು ತಲೆ ಸವರಿಕೊಂಡು, ನನ್ನ ತಾಯಿ ನನ್ನಿಂದ ಹಾಗೆ ಮಾತು ತೆಗೆದುಕೊಂಡಿದ್ದರೆ ನಾನು ಈ ಕೆಲಸದಲ್ಲಿ ಇರುತ್ತಲೇ ಇರಲಿಲ್ಲ ಎಂದ. ಆಮೇಲಿಂದ ಮಂಜು ನೀರಿಗೆ ಬಂದಾಗಲೆಲ್ಲ ಡೆಲ್‌ರಾಯ್ ತನ್ನ ಕುರ್ಚಿಯನ್ನು ಆ ಕಡೆಗೆ ಎಳೆದುಕೊಂಡು ಕೂರುತ್ತಿದ್ದ.

ಮಳೆಯ ಬಗ್ಗೆ ಬರೆಯಲೇಬೇಕು. ನಮ್ಮ ಕಡೆ ಮಳೆ ತಲೆಯ ಮೇಲೆ ಬರುತ್ತದೆ, ಬಂದ ಮೇಲೆಯೇ ಗೊತ್ತಾಗುವುದು. ಅಲ್ಲಿ ಅದು ಬಹಳ ದೂರದಲ್ಲಿ ಸಮುದ್ರದ ಮೇಲೆ ಬೂದು ಕಂಬಗಳಂತೆ ಹುಟ್ಟಿ, ನಿಂತು ಯೋಚಿಸಿ, ನಮ್ಮ ಕಡೆಗೆ ನಡೆದು ಬರುತ್ತಿತ್ತು. ಅದು ಕಾಲಿಟ್ಟ ಕಡೆಯಲ್ಲೆಲ್ಲ ನೀಲಿ ಬೆಳ್ಳಗಾಗುತ್ತಿತ್ತು. ಬುಧವಾರ ಮಧ್ಯಾಹ್ನ ಅಂಥ ನಾಲ್ಕು ಮಳೆ ನಾಲ್ಕು ದಿಕ್ಕಿನಲ್ಲಿ ಒಟ್ಟಿಗೆ ಕಂಡವು, ಮಧ್ಯದಲ್ಲಿ ಬಿಸಿಲು. ಹೆಜ್ಜಾರ್ಲೆಗಳು ಆ ಬಿಸಿಲಿನಲ್ಲಿ ಮೀನು ಹಿಡಿಯುತ್ತಿದ್ದವು. ಯಲಹಂಕ ಕೆರೆಯಲ್ಲಿ ಅವು ಮನೆಯ ಹಿರಿಯರಂತೆ ಗಂಭೀರವಾಗಿ ತೇಲುವುದನ್ನು ನೋಡಿ ಅಭ್ಯಾಸವಾಗಿದ್ದ ನಮಗೆ, ಇಲ್ಲಿನ ಕಂದು ಹೆಜ್ಜಾರ್ಲೆಗಳು ಎತ್ತರದಿಂದ ರೆಕ್ಕೆ ಮಡಚಿ ಕಲ್ಲು ಬಿದ್ದಂತೆ ನೀರಿಗೆ ಬೀಳುವುದು ನೋಡಿ ಮೈ ಜುಮ್ಮೆಂದಿತು. ಪ್ರತಿ ಸಲ ಒಂದು ಬಿದ್ದಾಗಲೂ ಮಂಜುವಿನ ಭುಜ ಸಣ್ಣಗೆ ಮುಂದಕ್ಕೆ ಬಾಗುತ್ತಿತ್ತು.

ಅದನ್ನು ನೋಡಲಾರದೆ ಆ ಸಂಜೆ ನಾನು ಕೇಳಿಯೇಬಿಟ್ಟೆ. "ಒಂದ್ಸಲ ಇಳಿ ಮಂಜು. ಇಲ್ಲಿ ಯಾರು ನೋಡ್ತಾರೆ?"

"ಅದಕ್ಕೇ ಆಗಲ್ಲ. ಅಮ್ಮ ಎದುರಿಗಿದ್ದು ಬೇಡ ಅಂದ್ರೆ ಜಗಳನಾದ್ರೂ ಆಡ್ಬಹುದು. ಅವಳು ಅಲ್ಲಿ ನಂಬ್ಕೊಂಡು ಕಾಫಿ ಕುಡೀತಾ ಕೂತಿರ್ತಾಳೆ."

"ಆಸೆ ಇಲ್ವಾ ನಿಂಗೆ?"

ಅವನು ಹೈಸ್ಕೂಲಿನ ಮಾತು ತೆಗೆದ. ಸ್ನೇಹಿತರೆಲ್ಲ ಶನಿವಾರ ಮಧ್ಯಾಹ್ನ ಈಜುಕೊಳಕ್ಕೆ ಹೋಗುತ್ತಿದ್ದರಂತೆ. ಇವನೂ ಹೋಗುತ್ತಿದ್ದ. "ಎಲ್ಲರ ಬಟ್ಟೆ, ವಾಚು ಕಾಯೋ ಕೆಲಸ ನಂದು. ಮೂರು ವರ್ಷ ಕಾದಿದೀನಿ. ಯಾವನು ಹೆಂಗೆ ಕೈ ಬೀಸ್ತಾನೆ, ಯಾವಾಗ ಉಸಿರು ತಗೋತಾನೆ, ಎಲ್ಲಾ ಗೊತ್ತು ನಂಗೆ. ನೀರೊಂದು ಗೊತ್ತಿಲ್ಲ."

ಗುರುವಾರ ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. ತಿಂಡಿಗೆ ಮುಂಚೆಯೇ ದಡಕ್ಕೆ ಹೋದೆವು. ಮಂಜು ತನ್ನ ಜಾಗದಲ್ಲಿ ನಿಂತಿದ್ದ. ನಾನು ದಡದಲ್ಲಿ ಕೂತು ಸ್ಯಾಂಡಲ್ ಬಿಚ್ಚುತ್ತಿದ್ದೆ. ಪ್ರವಾಸಿಗರನ್ನು ಕರೆದೊಯ್ಯುವ ಮೋಟಾರು ದೋಣಿಯೊಂದು ಹವಳದ ದಿಬ್ಬದ ಆಚೆ ವೇಗವಾಗಿ ಹೋಯಿತು. ಅದು ಹೋಗಿ ಎಷ್ಟೋ ಹೊತ್ತಾದ ಮೇಲೆ ಅದರ ಅಲೆ ದಡಕ್ಕೆ ಬಂತು. ಮಂಜು ಹಾರುವ ಹೆಜ್ಜಾರ್ಲೆಯೊಂದನ್ನು ನೋಡುತ್ತಿದ್ದ, ಅಲೆಯನ್ನು ನೋಡಲಿಲ್ಲ. ಅದು ಅವನ ತೊಡೆಗೆ ಬಡಿಯಿತು, ಹಿಂದೆ ಸರಿಯಲು ಹೋಗಿ ಮರಳಿನಲ್ಲಿ ಕಾಲು ಜಾರಿ ಕೂತುಬಿಟ್ಟ. ಎರಡನೆಯ ಅಲೆ ಎದೆಯ ಮೇಲೆ ಹಾದು ಹೋಯಿತು. ಡೆಲ್‌ರಾಯ್ ಕುರ್ಚಿ ಬಿಟ್ಟು ಏಳುವುದರೊಳಗೆ ಮಂಜು ಎದ್ದು ನಿಂತಿದ್ದ. ಪೆಟ್ಟೇನೂ ಆಗಿರಲಿಲ್ಲ. ಅವನ ಮುಖ ಮಾತ್ರ ನಾನು ಹಿಂದೆಂದೂ ನೋಡದ ಬಣ್ಣಕ್ಕೆ ತಿರುಗಿತ್ತು. ನೀರು ಇಳಿಯುತ್ತಿದ್ದ ಕೈಯನ್ನೇ ಚಾಚಿ, "ಫೋನ್ ಕೊಡು" ಎಂದ.

ಅಲ್ಲಿ ಬೆಳಗಾದರೆ ಬೆಂಗಳೂರಿನಲ್ಲಿ ಸಂಜೆ. ನಾವು ದಿನವೂ ಅತ್ತೆಗೆ ಫೋನ್ ಮಾಡುತ್ತಿದ್ದುದು ನಮ್ಮ ರಾತ್ರಿಯ ಊಟದ ಹೊತ್ತಿಗೆ, ಅವರ ಬೆಳಗಿನ ಕಾಫಿಯ ಸಮಯಕ್ಕೆ. ಸಂಜೆ ಅವರು ಎಲ್ಲಿಗೂ ಹೋಗುವವರಲ್ಲ. ದೀಪ ಹಚ್ಚಿ ಟೀವಿ ಮುಂದೆ ಕೂರುತ್ತಾರೆ, ಫೋನು ಟೀವಿಯ ಪಕ್ಕದಲ್ಲೇ ಇರುತ್ತದೆ. ಆ ದಿನ ಅದು ಪೂರ್ತಿ ಬಡಿದುಕೊಂಡು ನಿಂತುಹೋಯಿತು. ಮತ್ತೆ ಮಾಡಿದ. ಮತ್ತೆ ನಿಂತಿತು. ಮೂರನೆಯ ಸಲವೂ ಹಾಗೇ ಆಯಿತು. ಮಹಡಿಯ ಮೇಲಿನ ಮನೆಯಲ್ಲಿ ಬಾಡಿಗೆಗಿರುವ ನೂರ್ ಆಂಟಿಗೆ ನಾನು ಫೋನ್ ಮಾಡಿದೆ. ಅವರು ಮಾತಾಡುತ್ತಲೇ ಮೆಟ್ಟಿಲಿಳಿದು ಹೋಗಿ ನೋಡಿದರು. "ಬೀಗ ಹಾಕಿದೆ ಕಣಮ್ಮಾ. ಚಪ್ಲಿನೂ ಇಲ್ಲ. ಒಳಗೆ ಫೋನ್ ಬಡ್ಕೊಳ್ತಾ ಇದೆ ನೋಡು, ನಂಗೂ ಕೇಳ್ತಿದೆ. ನಂಗೆ ಹೇಳ್ದೆ ಎಲ್ಲೂ ಹೋಗಲ್ವಲ್ಲ ನಿಮ್ಮತ್ತೆ."

ನಾನು ಇಂಥವನ್ನು ನಂಬುವವಳಲ್ಲ. ಅಲೆಗೂ ಅಟ್ಟೂರಿಗೂ ಏನು ಸಂಬಂಧ ಎಂದು ಬೇರೆ ದಿನವಾಗಿದ್ದರೆ ವಾದ ಮಾಡುತ್ತಿದ್ದೆ. ಅವತ್ತು ಆ ಹೊಳೆಯುವ ನೀರಿನ ಎದುರು ನಿಂತಾಗ, ಅದು ಎಷ್ಟು ಚೆಂದವಿತ್ತೋ ಅಷ್ಟೇ ಭಯವಾಯಿತು. ಅದಕ್ಕೆ ಅಂಚೇ ಇಲ್ಲ, ಅದು ಎಲ್ಲಿಗೆ ಬೇಕಾದರೂ ಕೈ ಚಾಚಬಲ್ಲದು ಎನ್ನಿಸಿತು. ಮಂಜು ಒದ್ದೆ ಬಟ್ಟೆಯಲ್ಲೇ ಮರಳಿನ ಮೇಲೆ ಕೂತ. ಟವೆಲ್ ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಐದೈದು ನಿಮಿಷಕ್ಕೆ ಮನೆಯ ನಂಬರು ಒತ್ತುತ್ತಿದ್ದ. ನಡುವೆ ಒಮ್ಮೆ, "ಹರೀಶ ಹೋದಾಗ್ಲೂ ಹಿಂಗೇ, ಒಂದು ಮಧ್ಯಾಹ್ನ ಮನೆಗೆ ಬೀಗ ಇತ್ತು" ಎಂದ. ಡೆಲ್‌ರಾಯ್ ಏನನ್ನೂ ಕೇಳದೆ ದೊಡ್ಡ ಕೊಡೆಯೊಂದನ್ನು ತಂದು ನಮ್ಮ ಪಕ್ಕ ನೆಟ್ಟು ಹೋದ. ಬಿಸಿಲು ಏರಿತು. ಜನ ಬಂದು ನೀರಿಗಿಳಿದು ಕಿರುಚಾಡತೊಡಗಿದರು. ಒಂದು ಮಳೆ ದೂರದಿಂದ ಬಂದು, ನಮ್ಮ ಕೊಡೆಯ ಮೇಲೆ ಸುರಿದು, ಗುಡ್ಡದ ಕಡೆಗೆ ಹೋಯಿತು.

ಕೊನೆಗೆ ಫೋನು ಬಡಿದದ್ದು ಅತ್ತ ಕಡೆಯಿಂದ. ವಿಡಿಯೊ ಕಾಲ್. ಅತ್ತೆ ಫೋನನ್ನು ಯಾವಾಗಲೂ ಮುಖಕ್ಕೆ ತೀರಾ ಹತ್ತಿರ ಹಿಡಿಯುತ್ತಾರೆ, ಹಣೆ ಮತ್ತು ನರೆತ ಬೈತಲೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಆ ಹಣೆ ಕಂಡ ಕೂಡಲೇ ಮಂಜು ಅಳತೊಡಗಿದ. ಮದುವೆಯಾಗಿ ನಾಲ್ಕು ವರ್ಷದಲ್ಲಿ ನಾನು ಅದನ್ನು ನೋಡಿರಲಿಲ್ಲ.

"ಏನೋ ಇದು, ಇಷ್ಟೊಂದು ಸಲ ಫೋನ್ ಮಾಡಿದೀಯ. ನೂರ್ ಬೇರೆ ಬಾಗ್ಲಲ್ಲೇ ಕೂತವಳೆ. ಏನಾಯ್ತು?"

"ಎಲ್ಲೋಗಿದ್ಯಮ್ಮಾ?"

"ಕೆರೆ ಹತ್ರ ಹೋಗಿದ್ದೆ."

"ಯಾವ ಕೆರೆ?"

"ಯಾವ ಕೆರೆ ಅಂದ್ರೆ? ನಮ್ಮ ಅಟ್ಟೂರ್ ಕೆರೆ."

ಮಂಜು ನನ್ನ ಮುಖ ನೋಡಿದ. ಮನೆಯಿಂದ ಹತ್ತು ನಿಮಿಷ ನಡೆದರೆ ಕೆರೆ. ಸುತ್ತ ನಡೆಯುವ ದಾರಿ ಮಾಡಿ, ಬೇಲಿ ಹಾಕಿ, ಬೆಂಚುಗಳನ್ನಿಟ್ಟಿದ್ದಾರೆ. ಬಡಾವಣೆಯ ಅತ್ತೆಯ ವಯಸ್ಸಿನವರೆಲ್ಲ ಸಂಜೆ ಅಲ್ಲಿಯೇ ಇರುತ್ತಾರೆ. ಅತ್ತೆ ಒಮ್ಮೆಯೂ ಆ ಗೇಟಿನ ಒಳಗೆ ಹೋಗಿರಲಿಲ್ಲ.

ಅವರು ತಾವಾಗಿಯೇ ಹೇಳಿದರು. ಮಾತು ನಿಧಾನವಾಗಿ, ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಬರುತ್ತಿತ್ತು. "ನೀನಲ್ಲಿ ನೀರಿನ ಮುಂದೆ ನಿಂತಿರ್ತೀಯ. ನಾನಿಲ್ಲಿ ಮನೇಲಿ ಕೂತು ಏನ್ ಮಾಡ್ಲಿ. ಸೋಮವಾರದಿಂದ ದಿನಾ ಹೋಗ್ತಿದೀನಿ, ನೂರ್‌ಗೂ ಹೇಳಿಲ್ಲ. ಮೊದಲ್ನೇ ದಿನ ಗೇಟಿಂದಾನೇ ವಾಪಸ್ ಬಂದೆ. ಆಮೇಲೆ ಬೆಂಚ್ ತನಕ ಹೋದೆ. ಇವತ್ತು ಬೇಲಿ ಹಿಡ್ಕೊಂಡು ನಿಂತಿದ್ದೆ, ಹೊತ್ತು ಹೋಗಿದ್ದೇ ಗೊತ್ತಾಗ್ಲಿಲ್ಲ. ಒಂದು ಹಕ್ಕಿ ಮುಳುಗುತ್ತೆ ಕಣೋ, ಮುಳುಗಿ ಎಷ್ಟೋ ದೂರದಲ್ಲಿ ಏಳುತ್ತೆ. ಎದ್ದಿತಾ ಎದ್ದಿತಾ ಅಂತ ನೋಡ್ತಾ ಇದ್ದೆ. ಪ್ರತಿ ಸಲಾನೂ ಎದ್ದಿತು."

ಮಂಜು ಮುಖ ಒರೆಸಿಕೊಂಡ. "ಅಮ್ಮಾ, ಅಲೆ ಬಂತು. ಎದೆ ತನಕ ನೆಂದೆ. ಆಣೆ ತಪ್ಪೋಯ್ತು."

ಪರದೆಯ ಮೇಲಿನ ಹಣೆ ಅಲುಗಾಡಲಿಲ್ಲ. ಹಿಂದೆ ನಮ್ಮ ಮನೆಯ ಗೋಡೆ ಗಡಿಯಾರದ ಸದ್ದು ಕೇಳುತ್ತಿತ್ತು. ಅಷ್ಟು ದೂರದ ಸದ್ದು, ಈ ಅಲೆಗಳ ಸದ್ದಿನ ನಡುವೆ.

"ಬಿದ್ಯಾ?"

"ಕೂತ್ಬಿಟ್ಟೆ."

"ಆಮೇಲೆ?"

"ಎದ್ದೆ."

"ನೀನೇ ಎದ್ಯಾ, ಯಾರಾದ್ರೂ ಎಬ್ಬಿಸಿದ್ರಾ?"

"ನಾನೇ ಎದ್ದೆ."

ಅತ್ತೆ ಫೋನನ್ನು ಎಲ್ಲೋ ಒರಗಿಸಿ ಇಟ್ಟರು, ಬಹುಶಃ ಟೀವಿಗೆ. ಮೊದಲ ಸಲ ಅವರ ಮುಖ ಪೂರ್ತಿಯಾಗಿ ಕಂಡಿತು. ಹೊರಗೆ ಹೋಗುವಾಗ ಉಡುವ ಸೀರೆಯಲ್ಲೇ ಇದ್ದರು. ಅವರು ಮಗನನ್ನೇ ನೋಡುತ್ತಾ ಎರಡೂ ಕೈಗಳನ್ನು ತಮ್ಮ ನೆತ್ತಿಯ ಮೇಲಕ್ಕೆ ಒಯ್ದರು. ಅಲ್ಲಿ ಕೂತಿದ್ದ ಪುಟ್ಟದೇನನ್ನೋ ಹಿಡಿದು, ನೋವಾಗದ ಹಾಗೆ ಮೆಲ್ಲಗೆ ಎತ್ತಿ, ಕೆಳಗೆ ತಂದು, ಪರದೆಯ ಕಡೆಗೆ ಚಾಚಿದರು.

"ತಗೋ. ನಿನ್ನ ಕೈ. ನಾನೇ ಇಟ್ಕೊಂಡಿದ್ದು, ನಾನೇ ತೆಗ್ದಿದೀನಿ. ಸಣ್ಣ ಕೈ ಇತ್ತು ಕಣೋ. ಅಷ್ಟು ಸಣ್ಣ ಕೈ ಮೇಲೆ ಅಷ್ಟು ಭಾರ ಹಾಕ್ಬಾರ್ದಾಗಿತ್ತು."

ಮಂಜು ಬಲಗೈಯನ್ನು ಮುಂದೆ ಚಾಚಿದ. ನಿಜವಾಗಿಯೂ ಏನೋ ಬಂದು ಕೂತಂತೆ ಬೆರಳುಗಳನ್ನು ಮುಚ್ಚಿದ. ಹಣ್ಣಿನ ರಸ ಕೊಡುತ್ತಾ ಬಂದ ಹುಡುಗಿ ನಮ್ಮನ್ನು ನೋಡಿ ಅರ್ಧ ದಾರಿಯಲ್ಲೇ ತಿರುಗಿ ಹೋದಳು.

ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಎಂದಿನ ದನಿಯಲ್ಲಿ ನನ್ನನ್ನು ಕರೆದರು. "ಚೈತ್ರಾ, ಫೋನ್ ತಿರುಗಿಸಮ್ಮ. ಅದೇನು ಅಷ್ಟೊಂದು ನೀರು ಅಂತೀರಲ್ಲ, ನೋಡ್ತೀನಿ."

ನಾನು ತಿರುಗಿಸಿದೆ. ಎಡ ತುದಿಯ ಬಂಡೆಯಿಂದ ಬಲ ತುದಿಯ ತೆಂಗಿನ ಮರಗಳವರೆಗೆ, ಎಳನೀರಿನ ತಿಳಿಯಿಂದ ಶಾಯಿಯ ಗೆರೆಯವರೆಗೆ ನಿಧಾನವಾಗಿ ತೋರಿಸಿದೆ. ಸಂಪರ್ಕ ಕಡಿದುಹೋಯಿತೇನೋ ಎಂದು ನೋಡಿದರೆ ಅತ್ತೆ ಇದ್ದರು, ಮುಖವನ್ನು ತಿರುಗಿಸಿರಲಿಲ್ಲ, ರೆಪ್ಪೆ ಕೂಡ ಬಡಿಯುತ್ತಿರಲಿಲ್ಲ. ನಾವು ವ್ಯಾನಿನ ಕಿಟಕಿಯಲ್ಲಿ ನೋಡಿದ್ದೆವಲ್ಲ, ಹಾಗೆಯೇ ನೋಡುತ್ತಿದ್ದರು. ಅಂಗೈಯಷ್ಟು ಪರದೆಯಲ್ಲಿ ಅದು ಅವರಿಗೆ ಎಷ್ಟು ಕಂಡಿತೋ.

"ಇದರಲ್ಲಿ ಬರೀ ಮಂಡಿ ತನಕ ನಿಂತಿದ್ನಾ ಇವ್ನು, ಇಷ್ಟು ದಿನ?"

"ಹೂಂ ಅತ್ತೆ."

"ಹೋಗ್ಲಿ ಈಗ. ನಾನು ನೋಡ್ತಿರ್ತೀನಿ."

ಮಂಜು ಎದ್ದ. ನೀರಿನ ಕಡೆಗೆ ನಡೆದ. ನಾನು ಫೋನನ್ನು ಅವನ ಬೆನ್ನಿಗೆ ಹಿಡಿದು ಅಂಚಿನಲ್ಲಿ ನಿಂತೆ. ತನ್ನ ಜಾಗ ಬಂದಾಗ ಅವನು ಅಭ್ಯಾಸಬಲದಿಂದ ನಿಂತುಬಿಟ್ಟ. ಬಗ್ಗಿ ಕಾಲು ನೋಡಿಕೊಂಡ. ಫೋನಿನೊಳಗಿಂದ, "ಹ್ಞೂಂ, ನಡಿ" ಎಂದು ಕೇಳಿತು. ಅವನಿಗೆ ಕೇಳಿಸಿರಲಾರದು. ಆದರೂ ನಡೆದ. ತೊಡೆ ಮುಳುಗಿತು, ಸೊಂಟ ಮುಳುಗಿತು. ಅಲ್ಲಿ ಅವನು ಎರಡೂ ತೋಳುಗಳನ್ನು ಅಗಲಿಸಿ ನೀರಿನ ಮೇಲೆ ಅಂಗೈಗಳನ್ನು ಇಟ್ಟ. ಯಾವುದೋ ದೊಡ್ಡ ಪ್ರಾಣಿಯ ಬೆನ್ನು ಸವರುವವನ ಹಾಗೆ ಸವರಿದ. ಅತ್ತೆಯ ಉಸಿರು ನನ್ನ ಕೈಯಲ್ಲೇ ಕೇಳುತ್ತಿತ್ತು.

"ನೀನ್ಯಾಕ್ ನಿಂತಿದೀಯ? ನೀನೂ ಹೋಗು ಅವ್ನ ಜೊತೆ" ಎಂದರು ಅತ್ತೆ.

"ಫೋನ್ ಹಿಡ್ಕೊಬೇಕಲ್ಲ ಅತ್ತೆ."

"ಅಲ್ಲಿ ಇನ್ಯಾರೂ ಇಲ್ವಾ?"

ಡೆಲ್‌ರಾಯ್ ಆಗಲೇ ಕೈ ಚಾಚಿ ಪಕ್ಕದಲ್ಲಿ ನಿಂತಿದ್ದ. ಫೋನು ಅವನ ಅಂಗೈಯಲ್ಲಿ ಮಗುವಿನ ಸ್ಲೇಟಿನಂತೆ ಕಂಡಿತು. ಅವನು ಪರದೆಗೆ ಬಗ್ಗಿ, ಗುಡ್ ಮಾರ್ನಿಂಗ್ ಮಾಮಾ ಎಂದ, ಅವರ ಕಡೆ ಅಮ್ಮನಿಗೆ ಹಾಗನ್ನುತ್ತಾರೆ. ಅತ್ತೆ ಅವನಿಗೆ ಕನ್ನಡದಲ್ಲೇ ಏನೋ ಹೇಳತೊಡಗಿದರು. ಅವನು ಪ್ರತಿ ಮಾತಿಗೂ ಯಾ ಮಾನ್, ಯಾ ಮಾನ್ ಎಂದು ಹೂಂಗುಟ್ಟುತ್ತಿದ್ದ.

ನಾನು ಓಡಿ ಮಂಜುವನ್ನು ಸೇರಿಕೊಂಡೆ. ಕೈ ಹಿಡಿದುಕೊಂಡು ಇನ್ನೂ ನಾಲ್ಕು ಹೆಜ್ಜೆ ಹೋದೆವು. ನೀರು ಅವನ ಎದೆಗೆ ಬಂತು. ಒಂದು ಹೆಜ್ಜಾರ್ಲೆ ನಮ್ಮಿಂದ ಹತ್ತು ಮಾರು ದೂರದಲ್ಲಿ ಬಿತ್ತು, ಹನಿಗಳು ಮುಖಕ್ಕೆ ಸಿಡಿದವು. ಮಂಜು ತುಟಿ ನೆಕ್ಕಿ, "ಉಪ್ಪು" ಎಂದ, ಹೊಸ ಸುದ್ದಿಯನ್ನು ಹೇಳುವಂತೆ.

ತಿರುಗಿ ನೋಡಿದೆವು. ದಡದಲ್ಲಿ ಡೆಲ್‌ರಾಯ್ ಒಂದು ಕೈಯಲ್ಲಿ ಫೋನನ್ನು ನಮ್ಮ ಕಡೆಗೆ ಎತ್ತಿ ಹಿಡಿದು ನಿಂತಿದ್ದ. ಒಳಗಿಂದ ಅತ್ತೆ ಏನನ್ನೋ ಒಂದೇ ಸಮನೆ ಹೇಳುತ್ತಿದ್ದರು. ದನಿ ತುಣುಕು ತುಣುಕಾಗಿ ಬರುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ.

"ಏನಂತಿದಾಳೆ ಅಮ್ಮ?" ಎಂದು ಮಂಜು ಕೂಗಿ ಕೇಳಿದ, ಕನ್ನಡದಲ್ಲೇ.

ಡೆಲ್‌ರಾಯ್ ಫೋನನ್ನು ತನ್ನ ಕಡೆಗೆ ತಿರುಗಿಸಿ ನೋಡಿದ. ಅತ್ತೆ ಅವನಿಗೆ ಏನು ಸನ್ನೆ ಮಾಡಿದರೋ, ಅವನು ತಲೆಯಾಡಿಸಿ, ನಮ್ಮ ಕಡೆ ನೋಡಿ, ಖಾಲಿಯಿದ್ದ ಕೈಯ ಅಂಚನ್ನು ತನ್ನ ಭುಜಕ್ಕೆ ಅಡ್ಡವಾಗಿ ಇಟ್ಟು ತೋರಿಸಿದ. ಇಲ್ಲಿಯವರೆಗೆ.

ಮಂಜು ನೀರನ್ನು ನೋಡಿಕೊಂಡ. ಇನ್ನೂ ಒಂದು ಗೇಣು ಬಾಕಿಯಿತ್ತು. ಅವನು ನನ್ನ ಕೈ ಬಿಡದೆ, ನಿಂತಲ್ಲೇ ನಿಧಾನವಾಗಿ ಕಾಲು ಬಗ್ಗಿಸಿದ.